ಮೈಕ್ರೋಸಾಫ್ಟ್ ಟು ಡೂ: 2020ರಿಂದ ಬಳಸ್ತಿರೋ ಅಂಗಡಿಯವನ ಅನುಭವ

ನಮ್ದು ಶಿವಮೊಗ್ಗದಲ್ಲಿ ಸಣ್ಣ ಡಿಟಿಪಿ, ಪ್ರಿಂಟಿಂಗ್ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಗೃಹಪ್ರವೇಶದ ಕಾರ್ಡು ಇಂಥವೇ ಜಾಸ್ತಿ. ಮೊದ್ಲು ಮಾಡ್ಬೇಕಾದ ಕೆಲ್ಸ ಬರ್ದಿಟ್ಕೊಳ್ಳಕ್ಕೆ ವಂಡರ್‌ಲಿಸ್ಟ್ ಅನ್ನೋ ಆಪ್ ಇಟ್ಕೊಂಡಿದ್ದೆ, ಅದನ್ನ ಮೈಕ್ರೋಸಾಫ್ಟ್‌ನೋರು 2015ರಲ್ಲೇ ಕೊಂಡ್ಕೊಂಡಿದ್ರು, 2020ರ ಮೇ 6ಕ್ಕೆ ನಿಲ್ಲಿಸಿದ್ರು, ಆಗ ಲಾಕ್‌ಡೌನಲ್ಲಿ ಕೈಯಲ್ಲಿ ಕೆಲ್ಸ ಇಲ್ದೆ ಕೂತಿದ್ನಲ್ಲ, ಲಿಸ್ಟೆಲ್ಲಾ ಅವ್ರದ್ದೇ ಈ ಟು ಡೂ ಆಪಿಗೆ ಇಂಪೋರ್ಟ್ ಮಾಡ್ಕೊಂಡೆ. ದುಡ್ಡೇನೂ ಕೊಡ್ಬೇಕಿಲ್ಲ, ಫೋನಲ್ಲಿ ಹಾಕಿದ್ದು ಅಂಗಡಿ ಕಂಪ್ಯೂಟರಲ್ಲೂ ಕಾಣತ್ತೆ.

ಇದ್ರಲ್ಲಿ 'ಮೈ ಡೇ' ಅಂತ ಒಂದಿದೆ. ಇವತ್ತು ಮಾಡೋದನ್ನ ಅಲ್ಲಿಗೆ ಹಾಕ್ಕೋಬೇಕು, ರಾತ್ರಿ 12 ಆದ್ರೆ ಅದು ಖಾಲಿ. ಮುಗೀದೇ ಇರೋ ಕೆಲ್ಸ ಎಲ್ಲೂ ಹೋಗಲ್ಲ, ಅದರದ್ದೇ ಲಿಸ್ಟಲ್ಲಿ ಇರತ್ತೆ, ಇವತ್ತಿನ ಪಟ್ಟಿಯಿಂದ ಮಾತ್ರ ಮಾಯ. ಇದು ಗೊತ್ತಿಲ್ದೆ ಮೊದಲ್ನೇ ದಿನ ಎಲ್ಲಾ ಅಳಿಸೋಯ್ತು ಅಂತ ಗಾಬರಿ ಬಿದ್ದಿದ್ದೆ. ಈಗ ನಂಗೆ ಇದೇ ಇಷ್ಟ. ಬೆಳಿಗ್ಗೆ ಶಟರ್ ಎತ್ತಿ, ಊದ್ಬತ್ತಿ ಹಚ್ಚಿ, ಆಪಲ್ಲಿ ಬಲ್ಬಿನ ಚಿತ್ರ ಒತ್ತಿದ್ರೆ ನಿನ್ನೆ ಉಳಿದಿದ್ದು, ತಾರೀಕು ದಾಟಿದ್ದು ತೋರ್ಸತ್ತೆ, ಅದ್ರಲ್ಲಿ ಐದೋ ಆರೋ ಆರಿಸ್ಕೋತೀನಿ. ಮುಂಚೆ ನಲವತ್ತು ಕೆಲ್ಸದ ಲಿಸ್ಟ್ ನೋಡಿದ ಕೂಡ್ಲೇ ಟೀ ಕುಡ್ಕೊಂಡು ಬರೋಣ ಅನ್ಸೋದು.

ಆದ್ರೆ ನನ್ನ ಉಳಿಸಿದ್ದು ಅಂದ್ರೆ ಸ್ಟೆಪ್ಸ್, ಒಂದು ಟಾಸ್ಕೊಳಗೆ ಸಣ್ಣ ಸಣ್ಣ ಕೆಲ್ಸ ಸೇರ್ಸೋದು. ಒಂದ್ಸಲ ಹಳೇ ಪತ್ರಿಕೆ ಫೈಲ್ ಮೇಲೇನೇ ಹೊಸ್ದು ಟೈಪ್ ಮಾಡಿದ್ದೆ, ತಾರೀಕು ಬದ್ಲಾಯ್ತು, 'ಭಾನುವಾರ' ಹಂಗೇ ಉಳೀತು. 500 ಕಾರ್ಡು ಪ್ರಿಂಟಾಗಿ, ಅರಿಶಿಣ ಹಚ್ಚಿ ದೇವ್ರ ಮುಂದೆ ಇಟ್ಟಾದ್ಮೇಲೆ ಹುಡುಗಿ ಸೋದರಮಾವ ಕಂಡುಹಿಡಿದ್ರು. ತಪ್ಪು ನಂದೇ, ಕೈಯಿಂದ ದುಡ್ಡು ಹಾಕಿ ಮತ್ತೆ ಹೊಡೆದ್ಕೊಟ್ಟೆ. ಅವತ್ತಿಂದ ಪ್ರತಿ ಪತ್ರಿಕೆಗೂ ಇದೇ ಸ್ಟೆಪ್ಸು: ಮ್ಯಾಟರ್ ಟೈಪು, ಕ್ಯಾಲೆಂಡರಲ್ಲಿ ವಾರ ನೋಡೋದು, ಹೆಸರುಗಳನ್ನ ಗಟ್ಟಿಯಾಗಿ ಓದೋದು, ಪ್ರೂಫ್ ವಾಟ್ಸಾಪ್ ಮಾಡೋದು, ಅವ್ರು 'ಓಕೆ' ಅಂತ ಬರ್ದು ಕಳ್ಸಿದ್ರಾ (ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ), ಆಮೇಲೇ ಪ್ರಿಂಟ್. ಒಂದು ಗೊತ್ತಿರ್ಲಿ, ಸ್ಟೆಪ್ಪಿಗೆ ಬೇರೆ ತಾರೀಕು ಇಡಕ್ಕಾಗಲ್ಲ, ಬೇಕಂದ್ರೆ ಅದನ್ನೇ ಬೇರೆ ಟಾಸ್ಕ್ ಮಾಡ್ಕೋಬೇಕು.

ದಿನಸಿ ಲಿಸ್ಟ್ ಮನೆಯವ್ಳ ಜೊತೆ ಶೇರ್ ಮಾಡಿದೀನಿ, ನಾನು ದಿನಸಿ ಅಂಗಡೀಲಿ ನಿಂತಿರ್ಬೇಕಾದ್ರೇನೇ ಅವ್ಳು ಇನ್ನೆರಡು ಸೇರಿಸ್ತಾಳೆ.

ಆರ್ಡರ್ ಬುಕ್ ಬಿಟ್ಟಿದೀರಾ ಅಂತ ಕೇಳ್ಬೇಡಿ. ನಮ್ಮ ಹುಡುಗ ಇನ್ನೂ ಅದ್ರಲ್ಲೇ ಬರ್ಕೋತಾನೆ, ಸಂಜೆ ನಾನು ಆಪಿಗೆ ಏರಿಸ್ಕೋತೀನಿ. ಮತ್ತೆ ಆಪ್ ಇದೆ ಅಂತ ಎಲ್ಲಾ ಕೆಲ್ಸ ಆಗಿಬಿಡತ್ತೆ ಅಂತಾನೂ ಅಲ್ಲ, ಕಟಿಂಗ್ ಮಷಿನ್ ಬ್ಲೇಡ್ ಸಾಣೆಗೆ ಕೊಡೋದು ಅಂತ ಹಾಕಿ ಎರಡು ತಿಂಗ್ಳಾಯ್ತು, ಇವತ್ತು ಬೆಳಿಗ್ಗೆನೂ ಬಲ್ಬ್ ಒತ್ತಿದ್ರೆ ಕೆಂಪು ತಾರೀಕು ಹೊತ್ಕೊಂಡು ಅದೇ ಕೂತಿತ್ತು.