ಬಯೋಇನ್ಫರ್ಮ್ಯಾಟಿಕ್ಸ್ ಕೋರ್ಸಿಗೆ ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ಬರೆಯೋಕೇ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ, ಇನ್ನೊಬ್ಬರು ಇದೇ ಗುಂಡಿಗೆ ಬೀಳಬಾರದು.

ಎಂ.ಎಸ್ಸಿ. ಬಯೋಟೆಕ್ ಮುಗಿಸಿ ಬೆಂಗಳೂರಿನಲ್ಲಿ ಆರು ತಿಂಗಳ ಬಯೋಇನ್ಫರ್ಮ್ಯಾಟಿಕ್ಸ್ ಕೋರ್ಸಿಗೆ ಸೇರಿದೆ, ಅಂದರೆ ಡಿಎನ್‌ಎ ಥರದ ಜೀವಶಾಸ್ತ್ರದ ಡೇಟಾನ ಕಂಪ್ಯೂಟರಲ್ಲಿ ವಿಶ್ಲೇಷಿಸೋ ವಿದ್ಯೆ. ಫೀಸು 65,000. ಅಮ್ಮನ ಬಳೆ ಅಡ ಇಟ್ಟ ದುಡ್ಡು. ಆರರಲ್ಲಿ ನಾಲ್ಕು ತಿಂಗಳು ಬರೀ ಪರ್ಲ್ ಅನ್ನೋ ಹಳೇ ಪ್ರೋಗ್ರಾಮಿಂಗ್ ಭಾಷೆ! ಮನುಷ್ಯನ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ, ಓದುತ್ತಿದ್ದ ಕಾಲಕ್ಕೆ ಪರ್ಲ್ ರಾಜ, ಒಪ್ಪೋಣ. ಆ ಯೋಜನೆ 2003ರಲ್ಲೇ ಮುಗಿಯಿತಲ್ಲ? ಉಳಿದ ಎರಡು ತಿಂಗಳು ಪೈಥಾನ್ ಭಾಷೆ, ಅದೂ ಹಳೇ ಆವೃತ್ತಿ 2. ಅದಕ್ಕೆ 2020ರ ಜನವರಿ 1ಕ್ಕೇ ಎಳ್ಳುನೀರು ಬಿಟ್ಟಾಗಿತ್ತು. ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಕೋರ್ಸಿಗೆ ಯಾಕೆ ಸೇರುತ್ತಿದ್ದೆ, ಅಲ್ವಾ?

ಇಂಟರ್‌ವ್ಯೂನಲ್ಲಿ ಲಿನಕ್ಸ್ (ವಿಂಡೋಸ್ ಥರದ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಇರೋ ಲ್ಯಾಪ್‌ಟಾಪ್ ಮುಂದಿಟ್ಟರು. ಕಪ್ಪು ಸ್ಕ್ರೀನ್, ಕಮಾಂಡ್ ಟೈಪ್ ಮಾಡಿಯೇ ಕೆಲಸ ಮಾಡಬೇಕು. "ಈ ಫಾಸ್ಟ್‌ಕ್ಯೂ ಫೈಲಲ್ಲಿ ಎಷ್ಟು ರೀಡ್ ಇದೆ ಹೇಳಿ." ನಾನು ಮೌಸ್ ಹುಡುಕಿದೆ. ನಿಜವಾಗಿ ಮೌಸ್ ಹುಡುಕಿದೆ! ಫಾಸ್ಟ್‌ಕ್ಯೂ ಅಂದರೆ ಡಿಎನ್‌ಎ ಓದಿದ್ದನ್ನ ಬರೆದಿಡೋ ಫೈಲು, ರೀಡ್ ಅಂದರೆ ಓದಿದ ಒಂದೊಂದು ತುಣುಕು. ಒಂದು ರೀಡಿಗೆ ನಾಲ್ಕು ಸಾಲು. ಸಾಲು ಎಣಿಸಿ ನಾಲ್ಕರಿಂದ ಭಾಗಿಸಿದರೆ ಮುಗೀತು, ಒಂದು ಕಮಾಂಡ್ ಕೆಲಸ. ಆರು ತಿಂಗಳಲ್ಲಿ ಒಬ್ಬರೂ ಹೇಳಲಿಲ್ಲ. ಆಮೇಲೆ ಪೈಥಾನ್. ಪ್ರಿಂಟ್ ಬರೆದೆ, 2ರಲ್ಲಿ ಕಲಿತ ಹಾಗೆ ಬ್ರ್ಯಾಕೆಟ್ ಇಲ್ಲದೆ. ಅಲ್ಲಿದ್ದದ್ದು ಪೈಥಾನ್ 3, ಅದಕ್ಕೆ ಬ್ರ್ಯಾಕೆಟ್ ಬೇಕೇ ಬೇಕು. ಎರರ್. ಮತ್ತೆ ಬರೆದೆ, ಮತ್ತೆ ಎರರ್. "ಯಾವ ವರ್ಷ ಕಲಿತಿದ್ದಮ್ಮ?" ಅಂದರು. ಹೋದ ತಿಂಗಳು ಅನ್ನೋಕೆ ಬಾಯಿ ಬರಲಿಲ್ಲ.

ನೇರ ಇನ್‌ಸ್ಟಿಟ್ಯೂಟಿಗೆ ಹೋದೆ. "ಮೇಡಂ, ಬೇಸಿಕ್ಸ್ ಗಟ್ಟಿ ಇದ್ರೆ ಮಿಕ್ಕಿದ್ದು ತಾನಾಗೇ ಬರುತ್ತೆ." ಲಿನಕ್ಸ್ ಯಾಕೆ ಹೇಳಿಕೊಡಲಿಲ್ಲ ಅಂದರೆ, "ಅದು ಅಡ್ವಾನ್ಸ್ಡ್ ಮೇಡಂ, 18,000 ಆಗುತ್ತೆ. ನಿಮಗೆ ಅಂತ 15ಕ್ಕೆ ಮಾಡ್ಕೊಡ್ತೀವಿ." ನನಗೆ ಅಂತ! ಮೈಯೆಲ್ಲ ಉರಿಯಿತು. ಪ್ಲೇಸ್‌ಮೆಂಟ್? "ಅಸಿಸ್ಟೆನ್ಸ್ ಅಂದಿದ್ವಿ ಅಷ್ಟೇ, ರಸೀದಿ ನೋಡಿ." ನೋಡಿದೆ. ಸಣ್ಣ ಅಕ್ಷರದಲ್ಲಿ ಹಾಗೇ ಇತ್ತು.

ದುಡ್ಡು ಕಟ್ಟೋ ಮುಂಚೆ ಸಿಲಬಸ್ ಕೈಗೆ ಕೇಳಿ. ಮೊದಲ ವಾರವೇ ಲಿನಕ್ಸ್ ಇಲ್ಲ ಅಂದರೆ ಎದ್ದು ಬನ್ನಿ. ಪೈಥಾನ್ 3 ಬೇಕೇ ಬೇಕು. ಆರ್‌ಎನ್‌ಎ-ಸೀಕ್ (ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅಂತ ಆರ್‌ಎನ್‌ಎ ಓದಿ ಅಳೆಯೋದು) ಕಡೆ ಹೋಗೋರಿಗೆ ‘ಆರ್’ ಅನ್ನೋ ಅಂಕಿಅಂಶದ ಭಾಷೆ ಕೂಡ ಬೇಕು. ನಾನೀಗ ರೊಸಾಲಿಂಡ್ ಅನ್ನೋ ಅಭ್ಯಾಸದ ವೆಬ್‌ಸೈಟಲ್ಲಿ ಬಿಟ್ಟಿಯಾಗಿ ಲೆಕ್ಕ ಬಿಡಿಸುತ್ತಿದ್ದೇನೆ, ಡಿಎನ್‌ಎಯಲ್ಲಿ ಎ, ಸಿ, ಜಿ, ಟಿ ಎಷ್ಟೆಷ್ಟು ಅಂತ ಎಣಿಸೋದರಿಂದ ಶುರು. ಎನ್‌ಸಿಬಿಐ ಅನ್ನೋ ಅಮೆರಿಕ ಸರ್ಕಾರದ ಜೀವಶಾಸ್ತ್ರ ಡೇಟಾ ಕೇಂದ್ರದ ಸೈಟಲ್ಲಿ ನಿಜವಾದ ಡೇಟಾನೂ ಬಿಟ್ಟಿ. ಇದನ್ನ ಮೊದಲೇ ಯಾರಾದರೂ ಹೇಳಬಾರದಿತ್ತಾ?

ರೀಫಂಡ್ ಕೇಳಿ ಮೂರು ಮೆಸೇಜ್ ಹಾಕಿದ್ದೇನೆ. ಮೂರಕ್ಕೂ ನೀಲಿ ಟಿಕ್ ಬಂದಿದೆ. ಬಳೆ ಇನ್ನೂ ಅಡದಲ್ಲೇ ಇದೆ.