ಮನೆ ಪಾಯಕ್ಕೆ ಮುಂಚೆ ಮಾಡಿಸಿದ ಮಣ್ಣು ಪರೀಕ್ಷೆ: ಬೋರ್ ಕೆಲಸಕ್ಕೆ ಪೂರ್ತಿ ಅಂಕ, ವರದಿಗೆ ಅರ್ಧ

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತಿದ್ದೇನೆ. ಮಣ್ಣು ಪರೀಕ್ಷೆಗೆ ಬೋರ್ (ಆಳದ ತೂತು) ಕೊರೆದ ತಂಡಕ್ಕಾದರೆ ಐದೂ ಸಲ್ಲಬೇಕು. ಒಂದು ಕಳೆದದ್ದು ವರದಿ ಬರೆದ ರೀತಿಗೆ. ಲ್ಯಾಬಿನ ಹೆಸರು ಹಾಕುತ್ತಿಲ್ಲ. ನಾನು ಹೇಳುವ ಕೊರತೆಗಳು ಯಾವ ಲ್ಯಾಬಿಗೆ ಹೋದರೂ ಕೇಳಿ ಸರಿಪಡಿಸಿಕೊಳ್ಳಬಹುದಾದಂಥವು.

ನಮ್ಮದು ಇಳಿಜಾರಿನ ಸೈಟು. ಹಿಂದಿನ ಭಾಗಕ್ಕೆ ಯಾವಾಗಲೋ ಮಣ್ಣು ಸುರಿದು ಮಟ್ಟ ಮಾಡಿದ್ದರು, ಮೇಲೆ ನಿಂತು ನೋಡಿದರೆ ಎಲ್ಲ ಒಂದೇ ನೆಲ. ಒಬ್ಬ ಕಂಟ್ರಾಕ್ಟರ್ ಎಲ್ಲಾ ಕಾಲಂಗೂ ಒಂದೇ ಅಳತೆಯ ಫುಟಿಂಗ್ (ಕಾಲಂ ಬುಡದ ಕಾಂಕ್ರೀಟ್ ಪಾದ), ಒಂದೇ ಆಳ ಎಂದು ಅಂದಾಜು ಬರೆದುಕೊಟ್ಟಿದ್ದರು. ಇನ್ನೊಬ್ಬರು ‘ರಿಸ್ಕ್ ಯಾಕೆ, ಇಡೀ ಮನೆಗೆ ರಾಫ್ಟ್ ಹಾಕಿಬಿಡೋಣ’ ಎಂದರು, ಅಂದರೆ ಮನೆಯಡಿ ಪೂರ್ತಿ ಒಂದೇ ಕಾಂಕ್ರೀಟ್ ಹಾಸು. ಇಬ್ಬರೂ ಒಂದು ಗುದ್ದಲಿ ಮಣ್ಣನ್ನೂ ಎತ್ತಿ ನೋಡಿರಲಿಲ್ಲ. ಎರಡು ಅಂದಾಜುಗಳ ನಡುವೆ ಕಬ್ಬಿಣ, ಕಾಂಕ್ರೀಟಿನ ಅಂತರ ಎಷ್ಟಿತ್ತೆಂದರೆ ಪರೀಕ್ಷೆಯ ಶುಲ್ಕ ಅದರ ಮುಂದೆ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಲ್ಯಾಬಿನವರ ಮೊದಲ ಒಳ್ಳೆಯ ಕೆಲಸ ಬೋರಿನ ಜಾಗ ಆರಿಸಿದ್ದು. ಸೈಟಿನ ಮಧ್ಯೆ ಒಂದು ತೂತು ಕೊರೆದು ಮುಗಿಸಲಿಲ್ಲ. ಪ್ಲಾನ್ ತರಿಸಿ, ಕಾಲಂಗಳು ಎಲ್ಲಿ ಬರುತ್ತವೆ ಎಂದು ನೋಡಿ ಮೂರು ಕಡೆ ಗುರುತು ಹಾಕಿದರು. ಅದರಲ್ಲಿ ಒಂದು, ಮಣ್ಣು ತುಂಬಿದ ಮೂಲೆಯಲ್ಲೇ.

ಪರೀಕ್ಷೆ ನಡೆಯುವಾಗ ಪಕ್ಕದಲ್ಲೇ ನಿಂತು ನೋಡಿ, ಖಂಡಿತ ನೋಡಿ. ಬೋರಿನ ತಳಕ್ಕೆ ಒಂದು ಉಕ್ಕಿನ ಕೊಳವೆ ಇಳಿಸಿ, ಮೇಲಿಂದ 63.5 ಕಿಲೋ ಸುತ್ತಿಗೆಯನ್ನು ಸುಮಾರು 75 ಸೆಂ.ಮೀ. ಎತ್ತರದಿಂದ ಬಿಡುತ್ತಾರೆ. ಕೊಳವೆ 15 ಸೆಂ.ಮೀ. ಇಳಿಯಲು ಎಷ್ಟು ಏಟು, ಮುಂದಿನ 15ಕ್ಕೆ ಎಷ್ಟು, ಅದರ ಮುಂದಿನ 15ಕ್ಕೆ ಎಷ್ಟು ಎಂದು ಬರೆದುಕೊಳ್ಳುತ್ತಾರೆ. ಮೊದಲ 15ರ ಏಟು ಲೆಕ್ಕಕ್ಕಿಲ್ಲ, ಉಳಿದೆರಡನ್ನು ಕೂಡಿದರೆ ಬರುವುದೇ ಎನ್ ಮೌಲ್ಯ. ಮುಂದಿನ ಎಲ್ಲ ಲೆಕ್ಕವೂ ಈ ಎಣಿಕೆಯ ಮೇಲೇ ನಿಂತಿರುವುದರಿಂದ, ಸುತ್ತಿಗೆಯನ್ನು ಅರ್ಧಕ್ಕೇ ಎತ್ತಿಬಿಟ್ಟರೆ ಮೆತ್ತಗಿನ ಮಣ್ಣೂ ಕಾಗದದ ಮೇಲೆ ಗಟ್ಟಿಯಾಗಿಬಿಡುತ್ತದೆ. ನಮ್ಮಲ್ಲಿ ಬಂದ ಹುಡುಗ ರಾಡಿನ ಮೇಲೆ ಸೀಮೆಸುಣ್ಣದಲ್ಲಿ ಮೂರು ಗೆರೆ ಎಳೆದು, ಪ್ರತಿ ಏಟನ್ನೂ ಬಾಯಿಬಿಟ್ಟು ಎಣಿಸುತ್ತಿದ್ದ. ತುಂಬಿದ ಮೂಲೆಯಲ್ಲಿ ಕೊಳವೆ ತೆರೆದಾಗ ಇಟ್ಟಿಗೆ ಚೂರು, ಹರಿದ ಪ್ಲಾಸ್ಟಿಕ್ ಬಂತು. ‘ಇದು ನೆಲ ಅಲ್ಲ ಮೇಡಂ, ಕಸ’ ಅಂದ. ಆ ಮಾತು ಹಾಗೇ ಬೋರ್ ಲಾಗಿಗೂ (ಯಾವ ಆಳದಲ್ಲಿ ಯಾವ ಮಣ್ಣು ಎಂದು ಬರೆಯುವ ಪಟ್ಟಿ) ಹೋಯಿತು, ಸ್ವಲ್ಪ ಮರ್ಯಾದೆಯ ಭಾಷೆಯಲ್ಲಿ.

ಲಾಗ್ ಹೇಳಿದ್ದು ಇಷ್ಟು. ಮುಂಭಾಗದಲ್ಲಿ 1.2 ಮೀಟರಿಗೇ ಗಟ್ಟಿ ಗರಸು. ಹಿಂದೆ ಮೊದಲ 1.2 ಮೀಟರ್ ತುಂಬಿದ ಮಣ್ಣು, ಎನ್ ಮೌಲ್ಯ ನಾಲ್ಕು. ಅದರ ಕೆಳಗೆ 2.7 ಮೀಟರ್ ತನಕ ಎರೆ ಮಣ್ಣು, ಎನ್ ಒಂಬತ್ತು. ಆಮೇಲೆ ಮುಂಭಾಗದ್ದೇ ಗರಸು, ಎನ್ 38. ಅಂದರೆ ಗಟ್ಟಿ ನೆಲ ಇಡೀ ಸೈಟಿನ ಅಡಿಯಲ್ಲಿ ಇತ್ತು, ಹಿಂದೆ ಮಾತ್ರ ಆಳದಲ್ಲಿ.

ಇಷ್ಟು ಚೆನ್ನಾಗಿ ಕೆಲಸ ಮಾಡಿ, ವರದಿಯ ಕೊನೆಗೆ ಬರೆದದ್ದೇನು? ‘ಇಡೀ ಸೈಟಿಗೆ 1.5 ಮೀಟರ್ ಆಳದಲ್ಲಿ ಸುರಕ್ಷಿತ ಧಾರಣ ಸಾಮರ್ಥ್ಯ ಚದರ ಮೀಟರಿಗೆ 8 ಟನ್.’ ನೆಲ ಅಪಾಯವಿಲ್ಲದೆ ಹೊರಬಲ್ಲ ಭಾರ ಇಷ್ಟು ಎಂದು ಒಂದೇ ಸಾಲು. ಅತಿ ದುರ್ಬಲ ಬೋರಿನ ಅಂಕಿ ತೆಗೆದು ಎಲ್ಲ ಕಾಲಂಗೂ ಹಚ್ಚಿಬಿಟ್ಟಿದ್ದರು.

ಈ ಒಂದು ಸಾಲಿಗೆ ದುಡ್ಡು ಎಷ್ಟು ಹೋಗುತ್ತದೆ ಎಂದು ನಮ್ಮ ಸ್ಟ್ರಕ್ಚರಲ್ ಇಂಜಿನಿಯರ್ ಎದುರಿಗೇ ಲೆಕ್ಕ ಹಾಕಿ ತೋರಿಸಿದರು. ಫುಟಿಂಗಿನ ಸ್ವಂತ ತೂಕವೂ ಸೇರಿ ಒಂದು ಕಾಲಂ 44 ಟನ್ ಭಾರ ಇಳಿಸುತ್ತದೆ ಅನ್ನಿ. ನೆಲ ಚದರ ಮೀಟರಿಗೆ 20 ಟನ್ ಹೊತ್ತರೆ ಒಂದೂವರೆ ಮೀಟರ್ ಚೌಕದ ಫುಟಿಂಗ್ ಸಾಕು. 8 ಟನ್ನೇ ಆದರೆ 2.35 ಮೀಟರ್ ಚೌಕ ಬೇಕು. ಅಗಲ ಹೆಚ್ಚಿದಂತೆ ಅಂಚು ಕಾಲಂನಿಂದ ದೂರ ಚಾಚುತ್ತದೆ, ಅದಕ್ಕೆ ದಪ್ಪವನ್ನೂ ಏರಿಸಬೇಕು. ಮೊದಲನೆಯದಕ್ಕೆ 45 ಸೆಂ.ಮೀ., ಎರಡನೆಯದಕ್ಕೆ 55 ಎಂದಿಟ್ಟುಕೊಂಡರೆ ಕಾಂಕ್ರೀಟು ಒಂದು ಘನ ಮೀಟರಿನಿಂದ ಮೂರಕ್ಕೆ ಹೋಗುತ್ತದೆ. ಕಬ್ಬಿಣವೂ ಅದರ ಹಿಂದೆಯೇ. ಗರಸಿನ ಮೇಲೆ ನಿಲ್ಲುವ ಮುಂಭಾಗದ ಕಾಲಂಗಳಿಗೂ ಈ ದಂಡ ಯಾಕೆ ಕಟ್ಟಬೇಕು?

ಇದಕ್ಕಿಂತ ನನಗೆ ಬೇಸರವಾದದ್ದು ಎರೆ ಮಣ್ಣಿನ ವಿಷಯದಲ್ಲಿ. ಬೋರ್ ಕೊರೆದದ್ದು ಒಣ ಕಾಲದಲ್ಲಿ. ಒಣಗಿದ ಎರೆ ಮಣ್ಣು ಗಟ್ಟಿಯಾಗೇ ಇರುತ್ತದೆ, ಒಂಬತ್ತು ಏಟು ತಿನ್ನುತ್ತದೆ. ನೀರು ಕುಡಿದ ಮೇಲೆ ಅದೇ ಮಣ್ಣು ಮೆತ್ತಗಾಗಿ ಉಬ್ಬುತ್ತದೆ, ಮತ್ತೆ ಒಣಗಿದಾಗ ಕುಗ್ಗಿ ಸೀಳು ಬಿಡುತ್ತದೆ. ಪಾಯ ವರ್ಷವರ್ಷ ಎದ್ದು ಇಳಿಯುತ್ತಿದ್ದರೆ ಗೋಡೆ ಬಿರುಕು ಬಿಡದೆ ಇನ್ನೇನಾದೀತು! ಆದರೂ ಉಬ್ಬುವಿಕೆಯ ಪರೀಕ್ಷೆ ಅವರ ಪ್ಯಾಕೇಜಿನಲ್ಲಿ ಇರಲಿಲ್ಲ. ಕೇಳಿದ ಮೇಲೆ ಮಾಡಿದರು. ಬಲು ಸರಳ ಪರೀಕ್ಷೆ: ಒಣಗಿಸಿ ಜರಡಿ ಹಿಡಿದ ಮಣ್ಣನ್ನು ಹತ್ತತ್ತು ಗ್ರಾಂ ತೂಗಿ, ಒಂದು ಗಾಜಿನ ಜಾಡಿಯಲ್ಲಿ ನೀರಿಗೆ, ಇನ್ನೊಂದರಲ್ಲಿ ಸೀಮೆಎಣ್ಣೆಗೆ ಹಾಕಿ ಒಂದು ದಿನ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಜೇಡಿ ಉಬ್ಬುವುದಿಲ್ಲ. ನಮ್ಮ ಮಣ್ಣು ಸೀಮೆಎಣ್ಣೆಯಲ್ಲಿ 10 ಮಿ.ಲೀ. ಗೆರೆಗೆ, ನೀರಿನಲ್ಲಿ 17ಕ್ಕೆ ನಿಂತಿತ್ತು. ಶೇಕಡಾ 70 ಉಬ್ಬು. ಈ ಅಂಕಿ 50 ದಾಟಿತೆಂದರೆ ಆ ಮಣ್ಣಿನ ಮೇಲೆ ಮಾಮೂಲಿ ಫುಟಿಂಗ್ ಇಡಬಾರದು ಎಂದೇ ತಿಳಿಯಿರಿ. ಅಗಲ ಮಾಡಿದರೂ ಕೆಲಸಕ್ಕೆ ಬಾರದು. ಹಗುರವಾದ ಮನೆಯನ್ನು ಉಬ್ಬುವ ಮಣ್ಣು ರಾಫ್ಟ್ ಸಮೇತ ಎತ್ತಬಲ್ಲದು.

ಎರಡನೇ ಸಲ ಬರೆದುಕೊಟ್ಟ ವರದಿ ಮಾತ್ರ ಬಂಗಾರ. ಮುಂಭಾಗಕ್ಕೆ 1.5 ಮೀಟರ್, ಹಿಂದಿನ ಸಾಲಿಗೆ ಎರೆ ಮಣ್ಣು ದಾಟಿ 3 ಮೀಟರ್, ಎರಡೂ ಕಡೆ ಗರಸಿನ ಮೇಲೆ, ಎರಡಕ್ಕೂ 20 ಟನ್. ಹಿಂದೆ ಪ್ಲಿಂತ್ ಬೀಮಿನ (ಗೋಡೆ ಹೊರುವ, ನೆಲಮಟ್ಟದ ತೊಲೆ) ಅಡಿಯಲ್ಲಿ ಮಣ್ಣು ಉಬ್ಬಲು ಸಂದು ಬಿಡಬೇಕು. ಎರೆ ಮಣ್ಣು ಇನ್ನೂ ಆಳಕ್ಕೆ ಹೋಗಿದ್ದರೆ ಬುಡದಲ್ಲಿ ಗಡ್ಡೆಯಿರುವ ಅಂಡರ್‌ರೀಮ್ಡ್ ಪೈಲ್ ಬೇಕಾಗುತ್ತಿತ್ತು ಎಂದೂ ವಿವರಿಸಿದ್ದರು. ಹಿಂದಿನ ಗುಂಡಿಗಳ ಅಗೆತ, ಪಕ್ಕದ ಮಣ್ಣು ಕುಸಿಯದಂತೆ ಕೊಟ್ಟ ಆಸರೆ, ಉದ್ದವಾದ ಕಾಲಂ ಇವೆಲ್ಲ ಸೇರಿ ಮೊದಲ ಕಂಟ್ರಾಕ್ಟರ್ ಹೇಳಿದ್ದಕ್ಕಿಂತ ಖರ್ಚು ಹೆಚ್ಚೇ ಆಯಿತು. ರಾಫ್ಟಿಗೆ ಹೋಲಿಸಿದರೆ ಎಷ್ಟೋ ಕಡಿಮೆ.

ನೀರಿನ ಮಟ್ಟವನ್ನು ಬೋರ್ ಕೊರೆದ ತಕ್ಷಣ ಅಳೆಯದೆ, ಒಂದು ದಿನ ಬಿಟ್ಟು ಬಂದು ಅಳೆದದ್ದು ಸರಿಯಾದ ಕ್ರಮ. ಆದರೆ ಮಳೆಗಾಲದಲ್ಲಿ ಅದು ಎಲ್ಲಿಗೆ ಏರಬಹುದು ಎಂಬ ಬಗ್ಗೆ ವರದಿಯಲ್ಲಿ ಒಂದಕ್ಷರವಿಲ್ಲ. ಮರಳು ನೆಲವಿರುವವರು ಇದನ್ನು ಬಿಡಬೇಡಿ: ನೀರು ಫುಟಿಂಗ್ ಮಟ್ಟಕ್ಕೆ ಬಂದರೆ ಮರಳಿನ ಧಾರಣ ಸಾಮರ್ಥ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಗುಂಡಿಯ ನೀರು ಹೊರಹಾಕುವ ಪಂಪಿನ ಖರ್ಚು ಬೇರೆ. ಕಾಂಕ್ರೀಟು, ಕಬ್ಬಿಣ ತಿನ್ನುವ ಸಲ್ಫೇಟ್, ಕ್ಲೋರೈಡ್ ಮಣ್ಣಿನಲ್ಲಿವೆಯೇ ಎಂಬ ಪರೀಕ್ಷೆ ಪ್ಯಾಕೇಜಿನಲ್ಲೇ ಇತ್ತು, ತಕರಾರಿಲ್ಲ.

ಬೋರ್ ಲಾಗಿನ ಪ್ರತಿಯನ್ನು ಕಂಟ್ರಾಕ್ಟರ್ ಜೊತೆಗಿನ ಒಪ್ಪಂದಕ್ಕೇ ಲಗತ್ತಿಸಿದೆವು. ಯಾವ ಆಳದಲ್ಲಿ ಗಟ್ಟಿ ಗರಸು ಎಂದು ಮೊದಲೇ ಗೊತ್ತಿದ್ದರಿಂದ, ಅಗೆತದ ದರದ ಮೇಲೆ ಆಮೇಲೆ ‘ಎಕ್ಸ್‌ಟ್ರಾ’ ಮಾತು ಬರಲೇ ಇಲ್ಲ.

ಕಾಂಕ್ರೀಟ್ ಹಾಕುವ ಮುನ್ನ ಲ್ಯಾಬಿನವರೇ ಬಂದು ಗುಂಡಿಗಳ ತಳ ನೋಡಿದರು. ಹಿಂದಿನ ಒಂದು ಗುಂಡಿಯಲ್ಲಿ ಎರೆ ಮಣ್ಣು ಇನ್ನೂ ಒಂದಡಿಯಷ್ಟು ಕೆಳಗೆ ಇಳಿದಿತ್ತು. ಮೂರು ಬೋರುಗಳ ನಡುವೆ ಬಿದ್ದ ಜಾಗ, ಲಾಗಿನಲ್ಲಿ ಕಾಣುವಂಥದ್ದಲ್ಲ. ಅದನ್ನು ಪೂರ್ತಿ ತೆಗೆಸಿ, ಸಿಮೆಂಟ್ ಕಡಿಮೆಯಿರುವ ಕಾಂಕ್ರೀಟ್ ತುಂಬಿಸಿ ಮಟ್ಟಕ್ಕೆ ತಂದರು. ಈ ಭೇಟಿ ಪ್ಯಾಕೇಜಿನಲ್ಲಿ ಸೇರಿಲ್ಲ, ಬೇರೆ ಶುಲ್ಕ. ಉಬ್ಬುವಿಕೆಯ ಪರೀಕ್ಷೆಯನ್ನೂ ಇದನ್ನೂ ಬುಕ್ ಮಾಡುವಾಗಲೇ ಸೇರಿಸಿ ಬರೆಸಿಕೊಳ್ಳಿ.