ಮತಪೆಟ್ಟಿಗೆಯೋ, ಅಹವಾಲು ಕೇಳುವ ಆಯೋಗವೋ?

ವಸಾಹತಿನ ಜನರಿಗೆ ಮುಂದೇನು ಬೇಕು ಅಂತ ತಿಳಿಯುವುದು ಹೇಗೆ? 1962ರಲ್ಲಿ ಬ್ರಿಟಿಷ್ ವಸಾಹತುಗಳಾಗಿದ್ದ ಸರವಾಕ್ ಮತ್ತು ಉತ್ತರ ಬೋರ್ನಿಯೊಗೆ ಜನರ ಅಭಿಪ್ರಾಯ ಕೇಳಲು ಕಾಬೋಲ್ಡ್ ಆಯೋಗ ಹೋಯಿತು. ಮಲೇಷ್ಯಾ ಸೇರುವ ಬಗ್ಗೆ 4,000ಕ್ಕೂ ಜಾಸ್ತಿ ಜನ ಬಂದು ಮಾತಾಡಿದರು, ಸೇರುತ್ತೇವೆ ಆದರೆ ನಮ್ಮ ಹಕ್ಕುಗಳಿಗೆ ಖಾತ್ರಿ ಕೊಡಿ ಅನ್ನುವ ಮಾತೂ ದಾಖಲಾಯಿತು. ಹೌದು-ಇಲ್ಲ ಚೀಟಿಯಲ್ಲಿ ಇದಕ್ಕೆ ಜಾಗವೇ ಇಲ್ಲ, ಅಲ್ವಾ? ಆದರೆ ಮೂರನೇ ಒಂದು ಭಾಗ ಗಟ್ಟಿಯಾಗಿ ಪರ, ಇನ್ನೊಂದು ಭಾಗ ಷರತ್ತಿನ ಮೇಲೆ ಅನ್ನುವ ಲೆಕ್ಕ ಆಯೋಗದ ಅಂದಾಜು, ಎಣಿಕೆಯಲ್ಲ.

ಪೆಸಿಫಿಕ್ ಸಾಗರದಲ್ಲಿ ಫ್ರಾನ್ಸ್ ಆಳ್ವಿಕೆಯಲ್ಲಿರುವ ನ್ಯೂ ಕ್ಯಾಲೆಡೋನಿಯಾದಲ್ಲಿ ಮತ ಎಣಿಸಿದರು. ಸ್ವಾತಂತ್ರ್ಯ ಬೇಡ ಅಂದವರು 2020ರಲ್ಲಿ ಶೇ. 53, 2021ರಲ್ಲಿ ಶೇ. 96! ಕೋವಿಡ್ ಸಾವುಗಳ ಶೋಕದಲ್ಲಿದ್ದ ಅಲ್ಲಿನ ಮೂಲನಿವಾಸಿ ಕನಾಕ್ ಜನ ಮುಂದೂಡಿ ಅಂತ ಕೇಳಿ, ಅದು ಆಗದಿದ್ದಾಗ ದೂರ ಉಳಿದರು. ಮತ ಹಾಕಿದ್ದು ಸುಮಾರು ಶೇ. 44 ಮಂದಿ.

ನನ್ನ ಆಯ್ಕೆ ಮತದಾನವೇ. ಆದರೆ ದಿನಾಂಕಕ್ಕೆ ಎರಡೂ ಕಡೆಯವರು ಒಪ್ಪಿರಬೇಕು, ಮೊದಲು ಊರೂರು ಸುತ್ತಿ ಕೇಳಿರಬೇಕು.